ಫ್ಯೂಯಲ್ ಪಂಪ್ ಬದಲಿಸುವ ಮೊದಲು ಅದರ ವೈರ್ ನೋಡಿ

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಅಥವಾ ಚೆನ್ನಾಗಿ ಓಡುತ್ತಿದ್ದ ಗಾಡಿ ಏರಿನಲ್ಲಿ ಎರಡು ಸಲ ಜಗ್ಗಿ, ಪಿಕಪ್ ಕಳೆದುಕೊಂಡು ನಿಂತುಬಿಡುತ್ತದೆ. ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಹೊರಡುತ್ತದೆ. ಇಂಥ ಗಾಡಿಯನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಮೊದಲು ಬರುವ ಮಾತು, "ಪಂಪ್ ಹೋಗಿದೆ ಸಾರ್, ಹೊಸದು ಹಾಕೋಣ." ಕೆಲವು ಸಲ ಅದು ನಿಜವೇ. ಆದರೆ ಪಂಪ್‌ಗೆ ಕರೆಂಟ್ ಹೋಗುವ ದಾರಿಯಲ್ಲೇ ತೊಂದರೆ ಇದ್ದರೆ ಹೊಸ ಪಂಪ್ ಹಾಕಿದರೂ ಗಾಡಿ ನಿಲ್ಲುವುದು ತಪ್ಪುವುದಿಲ್ಲ.

ನಮಗೆ ಆಗಿದ್ದು ಹಾಗೇ. ಹೊನ್ನಾವರದಿಂದ ಸಾಗರಕ್ಕೆ ವಾಪಸ್ ಬರುತ್ತಿದ್ದೆವು. ಗೇರುಸೊಪ್ಪೆ ದಾಟಿ ಘಟ್ಟ ಹತ್ತುವಾಗ ಒಂದು ತಿರುವಿನಲ್ಲೇ ಗಾಡಿ ನಿಂತಿತು. ಜುಲೈ ತಿಂಗಳ ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು, ಹಿಂದಿನಿಂದ ಲಾರಿಗಳು. ಹನ್ನೆರಡು ವರ್ಷದ ಪೆಟ್ರೋಲ್ ಕಾರು ಅದು, ಒಂದೂವರೆ ತಿಂಗಳ ಹಿಂದಷ್ಟೇ ಹೊಸ ಪಂಪ್ ಹಾಕಿಸಿದ್ದೆ. ಆವತ್ತು ಇಪ್ಪತ್ತು ನಿಮಿಷ ಕಾದು, ಮತ್ತೆ ಸ್ಟಾರ್ಟ್ ಮಾಡಿ, ಮಾವಿನಗುಂಡಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ, ಹೇಗೋ ಮನೆ ಸೇರಿದೆವು. ಕೊನೆಗೆ ಸಿಕ್ಕಿದ ತಪ್ಪು ಏನು ಗೊತ್ತಾ? ಹಿಂದಿನ ಸೀಟಿನ ಕೆಳಗಿನ ಕಪ್ಲರ್‌ನಲ್ಲಿ (ಎರಡು ಕಡೆಯ ವೈರ್ ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಒಂದೇ ಒಂದು ಪಿನ್, ಜೊತೆಗೆ ಕಿಲುಬು ಹಿಡಿದ ಒಂದು ಅರ್ಥ್, ಅಂದರೆ ಮೈನಸ್ ವೈರ್ ಗಾಡಿಯ ಬಾಡಿಗೆ ಸೇರುವ ಜಾಗ. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಪೆಟ್ರೋಲ್ ಇಂಜೆಕ್ಷನ್ ಕಾರುಗಳಿಗೆ ಮಾತ್ರ, ಡೀಸೆಲ್ ಗಾಡಿಗಳ ಕಥೆ ಬೇರೆ.

ಕರೆಂಟ್ ಬರುವ ದಾರಿ

ಕಾರ್ಬ್ಯುರೇಟರ್ ಕಾಲದಲ್ಲಿ ಹೆಚ್ಚಿನ ಗಾಡಿಗಳ ಪಂಪ್ ಎಂಜಿನ್ ಪಕ್ಕದಲ್ಲೇ ಇರುತ್ತಿತ್ತು, ಕ್ಯಾಮ್ ತಳ್ಳಿದರೆ ಪೆಟ್ರೋಲ್ ಬರುತ್ತಿತ್ತು. ವೈರಿನ ಗೊಡವೆಯೇ ಇರಲಿಲ್ಲ. 2000ದ ಆಚೀಚೆ ನಮ್ಮಲ್ಲಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲೆ ಪಂಪ್ ಟ್ಯಾಂಕ್ ಒಳಗೆ ಹೋಯಿತು, ಮೋಟಾರ್ ಪೆಟ್ರೋಲಿನಲ್ಲೇ ಮುಳುಗಿ ತಿರುಗುತ್ತದೆ. ಇಂಜೆಕ್ಟರ್‌ಗೆ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಬೇಕು. ಟೈರಿಗೆ ನಾವು ಹಾಕಿಸುವ ಗಾಳಿ 2.2 ಬಾರ್ ಅಂದರೆ ಅಂದಾಜು ಸಿಗುತ್ತದೆ. ಅಷ್ಟು ಒತ್ತಡ ಹುಟ್ಟಿಸಲು ಚಿಕ್ಕ ಕಾರಿನ ಪಂಪ್ 3ರಿಂದ 6 ಆಂಪಿಯರ್ ಎಳೆಯುತ್ತದೆ.

ಆ ಕರೆಂಟ್ ಬ್ಯಾಟರಿಯಿಂದ ಹೊರಟು ಫ್ಯೂಸ್, ಅಲ್ಲಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಅಲ್ಲಿಂದ ಬಾಗಿಲ ಕೆಳಗಿನ ಕಾರ್ಪೆಟ್ ಅಡಿಯಲ್ಲಿ ಹಿಂದಕ್ಕೆ ಹೋಗಿ, ಹಿಂದಿನ ಸೀಟಿನ ಕೆಳಗೆ ಕಪ್ಲರ್ ದಾಟಿ ಟ್ಯಾಂಕಿಗೆ ಇಳಿಯುತ್ತದೆ. ವಾಪಸ್ ಬರುವ ದಾರಿ ಬಾಡಿ ಅರ್ಥ್. ಈ ವಾಪಸ್ ದಾರಿಯನ್ನು ಯಾರೂ ನೋಡುವುದಿಲ್ಲ, ಅರ್ಧ ತಂಟೆ ಅಲ್ಲೇ ಇರುತ್ತದೆ. ರಿಲೇಯನ್ನು ಆನ್ ಮಾಡುವುದು ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಕೀ ಆನ್ ಮಾಡಿದಾಗ ಅದು ಎರಡು ಮೂರು ಸೆಕೆಂಡ್ ಪಂಪ್ ಓಡಿಸಿ ನಿಲ್ಲಿಸುತ್ತದೆ, ಆಮೇಲೆ ಎಂಜಿನ್ ತಿರುಗುತ್ತಿದೆ ಅಂತ ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಮಾತ್ರ ಮತ್ತೆ ಓಡಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಪೆಟ್ರೋಲ್ ಸುರಿಯುತ್ತಲೇ ಇರಬಾರದು ಅಂತ ಈ ವ್ಯವಸ್ಥೆ.

ಕೆಲಸ ಶುರು ಮಾಡುವ ಮೊದಲು ಇದನ್ನು ಓದಿ

ಪೆಟ್ರೋಲ್ ಆವಿ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ನಾಲ್ಕೂ ಬಾಗಿಲು ತೆಗೆದಿಡಿ, ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ. ಸೀಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಜೋರಾಗಿ ಹೊಡೆದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಸೋರಿಕೆ ಸರಿಯಾಗಬೇಕು. ಟ್ಯಾಂಕ್ ಹತ್ತಿರದ ಕಪ್ಲರ್ ಬಿಚ್ಚುವಾಗಲೂ ಹಾಕುವಾಗಲೂ ಬ್ಯಾಟರಿಯ ಮೈನಸ್ ತೆಗೆದಿರಬೇಕು. ವೈರ್ ತುದಿಯನ್ನು ಬಾಡಿಗೆ ತಾಗಿಸಿ ಕಿಡಿ ಬರುತ್ತದಾ ಅಂತ ನೋಡುವ ಹಳೇ ಅಭ್ಯಾಸ ಇದೆಯಲ್ಲ, ಅದನ್ನು ಇಲ್ಲಿ ದಯವಿಟ್ಟು ಮಾಡಬೇಡಿ. ಕರೆಂಟ್ ಕೊಟ್ಟು ತೆಗೆಯುವ ಕೆಲಸವನ್ನೆಲ್ಲ ಬಾನೆಟ್ ಕೆಳಗೆ ರಿಲೇ ಬಾಕ್ಸ್‌ನಲ್ಲಿ ಮಾಡಿ, ಟ್ಯಾಂಕ್ ಹತ್ತಿರ ಅಳೆಯುವ ಕೆಲಸ ಮಾತ್ರ ಇಟ್ಟುಕೊಳ್ಳಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಮಲ್ಟಿಮೀಟರ್, ಹಳೇ 55 ವ್ಯಾಟ್ ಹೆಡ್‌ಲೈಟ್ ಬಲ್ಬ್‌ಗೆ ಬೆಸೆದ ಎರಡು ವೈರ್, ಎಲ್‌ಇಡಿ ಇರುವ ಟೆಸ್ಟರ್, ಮಧ್ಯದಲ್ಲಿ 15 ಆಂಪಿಯರ್ ಫ್ಯೂಸ್ ಇರುವ ಒಂದು ಗಿಡ್ಡ ವೈರ್, ಒಂದೆರಡು ಗುಂಡುಸೂಜಿ.

ಮೊದಲು ಕಿವಿ, ಆಮೇಲೆ ಮೀಟರ್

ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಹತ್ತಿರ ಇರುತ್ತದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನೇ ಸರಿ ಮಾಡಿ, ಇಲ್ಲದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ.

ಈಗ ಸುತ್ತ ಸದ್ದಿಲ್ಲದ ಜಾಗದಲ್ಲಿ ಹಿಂದಿನ ಸೀಟಿನ ಹತ್ತಿರ ಕಿವಿ ಇಟ್ಟು ಇನ್ನೊಬ್ಬರಿಗೆ ಕೀ ಆನ್ ಮಾಡಲು ಹೇಳಿ. ಸೆಲ್ಫ್ ಹೊಡೆಯುವುದು ಬೇಡ. ಎರಡು ಸೆಕೆಂಡ್ "ಝೂಂ" ಅಂತ ಸಣ್ಣ ಸದ್ದು ಬಂದು ನಿಲ್ಲಬೇಕು. ಸದ್ದು ಬಂದರೆ ಫ್ಯೂಸ್, ರಿಲೇ, ವೈರ್ ಎಲ್ಲವೂ ಅಷ್ಟೋ ಇಷ್ಟೋ ಜೀವಂತ ಇವೆ ಅಂತಾಯಿತು. ಅಷ್ಟಕ್ಕೇ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ನಮ್ಮ ಗಾಡಿಯಲ್ಲೂ ಸದ್ದು ಬರುತ್ತಲೇ ಇತ್ತು, ಸ್ವಲ್ಪ ಮೆತ್ತಗೆ, ಎಳೆದೆಳೆದು ಬರುತ್ತಿತ್ತು ಅಷ್ಟೇ. ಸರಿ ಮಾಡಿದ ಮೇಲೆ ಅದೇ ಪಂಪಿನ ಸದ್ದು ಚುರುಕಾಗಿ, ಒಂದು ಸ್ವರ ಮೇಲೆ ಕೇಳಿಸಿತು.

ಸದ್ದೇ ಇಲ್ಲದಿದ್ದರೆ ಫ್ಯೂಸ್‌ಗೆ ಬನ್ನಿ. ಬಾಕ್ಸ್ ಮುಚ್ಚಳದ ಒಳಗಡೆ ಯಾವುದು ಯಾವುದಕ್ಕೆ ಅಂತ ಚಿತ್ರ ಇರುತ್ತದೆ. ಹೆಚ್ಚಾಗಿ 15 ಅಥವಾ 20 ಆಂಪಿಯರ್ ಇರುತ್ತದೆ, ನೀಲಿ 15, ಹಳದಿ 20. ಸುಮ್ನೆ ಕಣ್ಣಲ್ಲಿ ನೋಡಿ ಬಿಡಬೇಡಿ. ಫ್ಯೂಸ್ ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತವೆ, ಕೀ ಆನ್ ಮಾಡಿ ಎರಡರಲ್ಲೂ ಟೆಸ್ಟರ್ ಹತ್ತುತ್ತದಾ ನೋಡಿ. ಒಂದೇ ಕಡೆ ಹತ್ತಿದರೆ ಫ್ಯೂಸ್ ಸುಟ್ಟಿದೆ. ಎರಡೂ ಕಡೆ ಹತ್ತದಿದ್ದರೆ ಫ್ಯೂಸ್‌ಗೇ ಕರೆಂಟ್ ಬಂದಿಲ್ಲ. ಕೆಲವು ಗಾಡಿಗಳಲ್ಲಿ ಪಂಪಿನ ಫ್ಯೂಸ್ ರಿಲೇ ಆದಮೇಲೆ ಬರುತ್ತದೆ, ಅಲ್ಲಿ ಕೀ ಆನ್ ಮಾಡಿದ ಆ ಎರಡು ಸೆಕೆಂಡ್ ಮಾತ್ರ ಹತ್ತುವುದು ಸಹಜ. ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಸುಟ್ಟರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ಇಲ್ಲ ಪಂಪ್ ಜಾಮ್ ಆಗಿದೆ. 15ರ ಜಾಗಕ್ಕೆ 30 ಹಾಕಿದರೆ ಫ್ಯೂಸ್ ಬದಲು ವೈರೇ ಉರಿಯುತ್ತದೆ, ಅದೂ ಟ್ಯಾಂಕ್ ಪಕ್ಕದಲ್ಲಿ.

ರಿಲೇ

ರಿಲೇಯ ಕಾಲುಗಳ ಹತ್ತಿರ 30, 85, 86, 87 ಅಂತ ಅಂಕಿ ಇರುತ್ತವೆ. 30ಕ್ಕೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ, 87ರಿಂದ ಪಂಪ್‌ಗೆ ಹೋಗುತ್ತದೆ. 85, 86 ಒಳಗಿನ ಕಾಯಿಲ್‌ನ ಎರಡು ತುದಿ. ಕೆಲವು ಕಂಪನಿಗಳು ಈ ಅಂಕಿ ಹಾಕುವುದಿಲ್ಲ, ಆಗ ರಿಲೇ ಮೈಮೇಲೆ ಗೆರೆಯಲ್ಲಿ ಬರೆದ ಚಿತ್ರ ನೋಡಿ. ಕಾಯಿಲ್ ಅಳೆದರೆ 60ರಿಂದ 100 ಓಮ್ ಸುತ್ತಮುತ್ತ ಬರಬೇಕು.

ಎಷ್ಟೋ ಗಾಡಿಗಳಲ್ಲಿ ಹಾರ್ನ್ ರಿಲೇಯೋ ಫ್ಯಾನ್ ರಿಲೇಯೋ ಅದೇ ಅಳತೆಯದ್ದು ಇರುತ್ತದೆ. ಕಾಲುಗಳ ಜೋಡಣೆ ಒಂದೇ ಇದ್ದರೆ ಅದಲು ಬದಲು ಮಾಡಿ ನೋಡಿ, ಎರಡು ನಿಮಿಷದ ಕೆಲಸ. ರಿಲೇ ತೆಗೆದಾಗ ಅದರ ಕಾಲುಗಳನ್ನೂ ಸಾಕೆಟ್‌ನ ತೂತುಗಳನ್ನೂ ಬೆಳಕಿನಲ್ಲಿ ಹಿಡಿದು ನೋಡಿ. ಒಂದು ಕಾಲು ಮಾತ್ರ ನೀಲಿ ಕಪ್ಪಾಗಿದ್ದರೆ ಆ ಸಾಕೆಟ್ ಸಡಿಲ ಆಗಿ ಕಾದಿದೆ. ಹೊಸ ರಿಲೇ ಹಾಕಿದರೂ ಅದು ಮತ್ತೆ ಕಾಯುತ್ತದೆ.

ಈಗ ಮುಖ್ಯವಾದ ಪರೀಕ್ಷೆ. ರಿಲೇ ತೆಗೆದು, ಸಾಕೆಟ್‌ನ 30 ಮತ್ತು 87ರ ಮಧ್ಯೆ ಆ ಫ್ಯೂಸ್ ಇರುವ ಗಿಡ್ಡ ವೈರ್ ಹಾಕಿ. ಪಂಪ್ ಓಡಿದರೆ ಹಿಂದಿನ ದಾರಿಯಲ್ಲಿ ಕರೆಂಟ್ ಹರಿಯುತ್ತಿದೆ, ತೊಂದರೆ ರಿಲೇಯದ್ದು ಅಥವಾ ರಿಲೇ ಆನ್ ಮಾಡುವ ಕಡೆಯದ್ದು. ಓಡದಿದ್ದರೆ ತೊಂದರೆ ರಿಲೇಯಿಂದ ಹಿಂದಕ್ಕೆ, ವೈರಿನಲ್ಲೋ ಅರ್ಥ್‌ನಲ್ಲೋ ಪಂಪಿನಲ್ಲೋ ಇದೆ. ಹೀಗೆ ಹುಡುಕುವ ಜಾಗ ಒಂದೇ ಸಲಕ್ಕೆ ಅರ್ಧ ಕಡಿಮೆ ಆಗುತ್ತದೆ ಅಲ್ವಾ? ಒಂದು ಎಚ್ಚರಿಕೆ ಇದೆ. ಕೆಲವು ಹೊಸ ಗಾಡಿಗಳಲ್ಲಿ ಪಂಪಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಅಂಥದ್ದರಲ್ಲಿ ಈ ವೈರ್ ಹಾಕುವ ಕೆಲಸ ಬೇಡ, ಸರ್ಕ್ಯೂಟ್ ಚಿತ್ರ ಇರುವವರ ಹತ್ತಿರವೇ ಹೋಗಿ.

ಆನ್ ಮಾಡುವ ಕಡೆ ನೋಡಲು ಸಾಕೆಟ್‌ನ 85, 86ರ ಮಧ್ಯೆ ಎಲ್‌ಇಡಿ ಟೆಸ್ಟರ್ ಹಿಡಿಯಿರಿ. ಹತ್ತದಿದ್ದರೆ ಒಮ್ಮೆ ತಿರುಗಿಸಿ ಹಿಡಿಯಿರಿ, ಎಲ್‌ಇಡಿಗೆ ಪ್ಲಸ್ ಮೈನಸ್ ಸರಿ ಇರಬೇಕು. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಹತ್ತಿ ಆರಬೇಕು, ಸೆಲ್ಫ್ ಹೊಡೆಯುವಾಗ ಮತ್ತೆ ಹತ್ತಬೇಕು. ಇಲ್ಲಿ ದೊಡ್ಡ ಬಲ್ಬ್ ಬಳಸಬೇಡಿ. ರಿಲೇ ಕಾಯಿಲ್ ಎಳೆಯುವುದು 0.2 ಆಂಪಿಯರ್ ಹತ್ತಿರ, 21 ವ್ಯಾಟ್ ಬಲ್ಬ್ ಎಳೆಯುವುದು 1.75 ಆಂಪಿಯರ್. ಅಷ್ಟು ಹೊರೆಯನ್ನು ಇಸಿಎಂ ತಡೆಯದೆ ಹೋದರೆ ಪಂಪಿಗಿಂತ ದೊಡ್ಡ ಖರ್ಚು ಬರುತ್ತದೆ. ಕೀ ಆನ್‌ನಲ್ಲಿ ಹತ್ತಿ, ಸೆಲ್ಫ್ ಹೊಡೆದಾಗ ಹತ್ತದಿದ್ದರೆ ಕ್ರ್ಯಾಂಕ್ ಸೆನ್ಸರ್ ಕಡೆ ಅನುಮಾನ ಪಡಿ. ಇಸಿಎಂ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತದಾ ನೋಡಿ, ಕ್ರ್ಯಾಂಕ್ ಸೆನ್ಸರಿನ ಪಿ0335 ಕೋಡ್ ಬಂದಿದ್ದರೆ ಅದೇ ದಾರಿ. ಇಮ್ಮೊಬಿಲೈಸರ್ (ಸರಿಯಾದ ಕೀ ಅಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ದೀಪ ಪಟಪಟ ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ. ಕೆಲವು ಕಾರುಗಳಲ್ಲಿ ಗುದ್ದಿದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದರೂ ಒಮ್ಮೊಮ್ಮೆ ಅದು ಹಾರುತ್ತದೆ, ಮೇಲಿನ ಬಟನ್ ಒತ್ತಿದರೆ ಮುಗಿಯಿತು.

ಪಂಪ್ ಸರ್ಕ್ಯೂಟಿಗೆ ಪಿ0230 ಅಂತ ಒಂದು ಕೋಡ್ ಇದೆ. ಅದು ಬಂದರೆ ಒಳ್ಳೆಯ ಸುಳಿವು. ಬರಲಿಲ್ಲ ಅಂತ ವೈರಿಂಗ್ ಸರಿ ಇದೆ ಅಂದುಕೊಳ್ಳಬೇಡಿ, ಏಕೆಂದರೆ ಬಹಳ ಗಾಡಿಗಳಲ್ಲಿ ಇಸಿಎಂ ನೋಡುವುದು ರಿಲೇ ಕಾಯಿಲ್ ಕಡೆಯನ್ನು ಮಾತ್ರ. ಸೀಟಿನ ಕೆಳಗೆ ಪಿನ್ ಸುಟ್ಟಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಗಾಡಿಯಲ್ಲಿ ಒಂದು ಕೋಡೂ ಇರಲಿಲ್ಲ.

ಹನ್ನೆರಡು ವೋಲ್ಟ್ ಬಂದರೆ ಸಾಕಾ?

ಎಲ್ಲರೂ ಎಡವುವುದು ಇಲ್ಲೇ. ಪಂಪ್ ಬದಲಿಸಿದ ಗ್ಯಾರೇಜಿನವರೂ ಕಪ್ಲರ್ ಬಿಚ್ಚಿ ಮೀಟರ್ ಹಿಡಿದಿದ್ದರು. 12.4 ವೋಲ್ಟ್ ಬಂತು. ಕರೆಂಟ್ ಸರಿಯಾಗಿ ಬರುತ್ತಿದೆ, ಹಾಗಾದರೆ ಪಂಪೇ ಹಾಳು ಅಂತ ತೀರ್ಮಾನ ಮಾಡಿದರು. ನಾನೂ ಒಪ್ಪಿದೆ.

ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು, ಅಷ್ಟು ಕಡಿಮೆ. ಇಪ್ಪತ್ತು ಎಳೆ ಇರುವ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ತೋಟಕ್ಕೆ ನೀರು ಬಿಡುವ ಪೈಪ್ ಮಧ್ಯದಲ್ಲಿ ಮಡಚಿಕೊಂಡಿದ್ದಾಗ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು ನೋಡಿ, ಸ್ವಲ್ಪ ಹೊತ್ತಿಗೆ ಒತ್ತಡ ಪೂರ್ತಿ ಬರುತ್ತದೆ. ಬೆರಳು ತೆಗೆಯಿರಿ, ನೀರು ತೊಟ್ಟಿಕ್ಕುತ್ತದೆ. ಬರೀ ಮೀಟರ್ ಹಿಡಿಯುವುದು ಬೆರಳು ಮುಚ್ಚಿ ನೋಡಿದ ಹಾಗೆ. ಪಂಪ್ ಓಡುವಾಗ ಅಳೆಯುವುದು ಬೆರಳು ತೆಗೆದು ನೋಡಿದ ಹಾಗೆ.

ನನಗೆ ಇದನ್ನು ತೋರಿಸಿಕೊಟ್ಟವರು ಸಾಗರದ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. "ತಮಾ, ಹನ್ನೆರಡು ಬಂತು ಅಂತ ಬಿಡಬೇಡ. ಹೆಡ್‌ಲೈಟ್ ಬಲ್ಬ್ ಕಟ್ಟಿ ನೋಡು" ಅಂದರು. 55 ವ್ಯಾಟ್ ಬಲ್ಬ್ 12 ವೋಲ್ಟಿಗೆ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಹೆಚ್ಚೂ ಕಡಿಮೆ ಪಂಪಿನಷ್ಟೇ. ಬ್ಯಾಟರಿಯ ಮೈನಸ್ ತೆಗೆದು ಕಪ್ಲರ್ ಬಿಚ್ಚಿದೆವು, ವೈರಿಂಗ್ ಕಡೆ ಪಂಪಿನ ಪ್ಲಸ್, ಮೈನಸ್ ಬರುವ ಎರಡು ತೂತಿಗೆ ಬಲ್ಬಿನ ವೈರ್ ಕೂರಿಸಿ, ಬಲ್ಬನ್ನು ಉದ್ದ ವೈರಿನಲ್ಲಿ ಬಾಗಿಲ ಹೊರಗೆ ಇಟ್ಟೆವು. ಆಮೇಲೆ ಮೈನಸ್ ಹಾಕಿ, ರಿಲೇ ಸಾಕೆಟ್‌ನಲ್ಲಿ ಗಿಡ್ಡ ವೈರ್ ಹಾಕಿದೆವು. ಬಲ್ಬ್ ಹತ್ತಿತು. ಮಂಕಾಗಿ ಹತ್ತಿದ್ದರೆ ವೈರಿನಲ್ಲೇ ತೊಂದರೆ ಅಂತಾಗುತ್ತಿತ್ತು. ನಮ್ಮದು ಸ್ವಲ್ಪ ಹಳದಿಯಾಗಿತ್ತು, ಆದರೂ ಬೆಳಕು ಚೆನ್ನಾಗೇ ಇತ್ತು. ನಾನು ಮತ್ತೆ ಪಂಪಿನ ಮೇಲೆ ಅನುಮಾನಪಟ್ಟೆ.

ಅವರು ಬ್ಯಾಟರಿಯ ಮೈನಸ್ ತೆಗೆದು, ಬಲ್ಬ್ ಬಿಚ್ಚಿ, ಕಪ್ಲರ್ ಮತ್ತೆ ಕೂರಿಸಿ, ಮೈನಸ್ ಹಾಕಿದರು. ನಮ್ಮ ಗಾಡಿಯಲ್ಲಿ ಟ್ಯಾಂಕ್ ಮುಚ್ಚಳದಿಂದ ಅರ್ಧ ಅಡಿ ವೈರ್ ಹೊರಗೆ ಬಂದು ಕಪ್ಲರ್ ಸೇರುತ್ತದೆ, ಹಾಗಾಗಿ ಎರಡೂ ಕಡೆ ವೈರ್ ಸಿಗುತ್ತದೆ. ಕಪ್ಲರ್ ಹಿಂಭಾಗದಿಂದ, ವೈರಿನ ಪಕ್ಕದಲ್ಲಿ, ಗುಂಡುಸೂಜಿಯನ್ನು ಮೆಲ್ಲಗೆ ಒಳಗೆ ಬಿಟ್ಟರು. ವೈರಿನ ಮೈಗೆ ಚುಚ್ಚಲಿಲ್ಲ, ಚುಚ್ಚಿದರೆ ಆ ತೂತಿನಲ್ಲಿ ನೀರು ಇಳಿದು ಆರು ತಿಂಗಳಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಪಂಪ್ ಓಡುತ್ತಿರುವಾಗಲೇ ಒಂದೊಂದು ಜಾಗ ಅಳೆದರು.

ಬ್ಯಾಟರಿಯಲ್ಲಿ 12.3. ಕಪ್ಲರ್‌ನ ಮುಂಚಿನ ಕಡೆ, ಅಂದರೆ ವೈರಿಂಗ್ ಕಡೆ, 11.8. ಕಪ್ಲರ್ ದಾಟಿದ ಮೇಲೆ, ಪಂಪಿನ ಕಡೆ, 9.6.

ಎರಡು ಬೆರಳು ಅಗಲದ ಪ್ಲಾಸ್ಟಿಕ್ ತುಂಡು ದಾಟುವಷ್ಟರಲ್ಲಿ 2.2 ವೋಲ್ಟ್ ಮಾಯ. ಆಮೇಲೆ ಮೀಟರಿನ ಕೆಂಪು ಕಡ್ಡಿಯನ್ನು ಪಂಪಿನ ಮೈನಸ್‌ಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದರು. ಅಲ್ಲಿ 0.7 ಬಂತು. ಅಂದರೆ ಪಂಪಿಗೆ ನಿಜವಾಗಿ ಸಿಗುತ್ತಿದ್ದದ್ದು 8.9 ವೋಲ್ಟ್. ಪಂಪ್ ಎಳೆಯುತ್ತಿದ್ದದ್ದು 3.8 ಆಂಪಿಯರ್, ಅದನ್ನು 2.2ರಿಂದ ಗುಣಿಸಿದರೆ ಒಂದು ಸಣ್ಣ ಪಿನ್ನಿನಲ್ಲಿ 8 ವ್ಯಾಟಿಗಿಂತ ಜಾಸ್ತಿ ಶಾಖ. ನಾವು ಬೆಸುಗೆ ಹಾಕುವ 25 ವ್ಯಾಟ್ ಐರನ್ನಿನ ಮೂರನೇ ಒಂದು ಪಾಲು, ಅದೂ ಪ್ಲಾಸ್ಟಿಕ್ ಒಳಗೆ!

ಬಲ್ಬ್ ಪರೀಕ್ಷೆ ಯಾಕೆ ತಪ್ಪು ಹಿಡಿಯಲಿಲ್ಲ ಅಂತ ಆಗ ಅರ್ಥವಾಯಿತು. ವೈರ್ ಚೆನ್ನಾಗಿತ್ತು. ತಪ್ಪು ಇದ್ದದ್ದು ಎರಡು ಪಿನ್ ಒಂದಕ್ಕೊಂದು ಸೇರುವ ಜಾಗದಲ್ಲಿ, ಕಪ್ಲರ್ ಬಿಚ್ಚಿದಾಗ ಆ ಜಾಗವೇ ಪರೀಕ್ಷೆಯಿಂದ ಹೊರಗೆ ಉಳಿಯಿತು. ಆದ್ದರಿಂದ ಬಲ್ಬ್ ಪರೀಕ್ಷೆ ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಕಪ್ಲರ್ ಕೂರಿಸಿ ಪಂಪ್ ಓಡಿಸಿ ಅಳೆಯಿರಿ. ಪ್ಲಸ್ ಕಡೆ ಬ್ಯಾಟರಿಯಿಂದ ಪಂಪಿನವರೆಗೆ ಒಟ್ಟು ನಷ್ಟ 0.5 ವೋಲ್ಟ್ ಒಳಗೆ, ಅರ್ಥ್ ಕಡೆ 0.2 ಒಳಗೆ ಇರಬೇಕು. ಕಪ್ಲರ್ ನೇರ ಟ್ಯಾಂಕ್ ಮುಚ್ಚಳಕ್ಕೇ ಕೂರುವ ಗಾಡಿಯಲ್ಲಿ ಪಂಪಿನ ಕಡೆಯ ವೈರ್ ಸಿಗುವುದಿಲ್ಲ. ಆಗ ಐದು ನಿಮಿಷ ಪಂಪ್ ಓಡಿಸಿ ಕಪ್ಲರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಬಿಚ್ಚಿ ಪಿನ್ ನೋಡಲೇಬೇಕು.

ಬ್ಯಾಟರಿ ಬಿಚ್ಚಿ ಕಪ್ಲರ್ ಎಳೆದಾಗ ಕಂಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಪ್ಲಾಸ್ಟಿಕ್, ನಾಲ್ಕು ತೂತು. ಮೂರು ತೂತು ಹೊಸದರ ಹಾಗೆ ಬೆಳ್ಳಗಿವೆ, ಪಿನ್ನೂ ಹೊಳೆಯುತ್ತಿದೆ. ನಾಲ್ಕನೆಯದರ ಸುತ್ತ ಹಾಲು ಹಾಕದ ಚಹಾದ ಬಣ್ಣ, ತೂತಿನ ಅಂಚು ಮೇಣದ ಹಾಗೆ ಕರಗಿ ಒಳಕ್ಕೆ ಬಾಗಿದೆ, ಪಿನ್ ಕಪ್ಪಾಗಿ ಒರಟಾಗಿದೆ. ಮೂಗಿನ ಹತ್ತಿರ ಹಿಡಿದರೆ ಸೀದ ವಾಸನೆ. ಹೊಸ ಪಂಪ್ ಹಾಕುವಾಗ ಇದೇ ಕಪ್ಲರನ್ನು ಮತ್ತೆ ಒತ್ತಿ ಕೂರಿಸಿದ್ದರು.

ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವುದಕ್ಕೂ ಕಾರಣ ಇದೇ. ಸಡಿಲ ಪಿನ್ ಕಾಯುತ್ತದೆ, ಕಾದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ, ನಷ್ಟ ಇನ್ನೂ ಏರುತ್ತದೆ. ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಆನ್ ಇರುತ್ತವೆ, ಘಟ್ಟದಲ್ಲಿ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಎಲ್ಲವೂ ಒಂದೇ ಹೊತ್ತಿಗೆ ಸೇರಿದಾಗ ಒತ್ತಡ ಬಿದ್ದು ಗಾಡಿ ನಿಲ್ಲುತ್ತದೆ. ಊರೊಳಗೆ ಓಡಾಡುವಾಗ ಒಮ್ಮೆಯೂ ನಿಂತಿರಲಿಲ್ಲ.

ಅರ್ಥ್ ಮತ್ತು ಉಳಿದ ಅಡಗುತಾಣಗಳು

ಪಂಪಿನ ಅರ್ಥ್ ವೈರ್ ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೋ ಡಿಕ್ಕಿಯ ಪಕ್ಕದ ಪ್ಯಾನೆಲ್ ಒಳಗೋ ಒಂದು ಬೋಲ್ಟಿಗೆ ಸೇರಿರುತ್ತದೆ. ಪಂಪ್ ಓಡುತ್ತಿರುವಾಗ ಪೆಟ್ರೋಲ್ ಮುಳ್ಳು ತಾನಾಗೇ ಅಲುಗಾಡಿದರೆ, ಹಿಂದಿನ ದೀಪಗಳು ಮಂಕಾದರೆ ಈ ಬೋಲ್ಟ್ ಮೇಲೆ ಅನುಮಾನ ಪಡಿ, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಇವಕ್ಕೆಲ್ಲ ಒಂದೇ ಅರ್ಥ್. ನಮ್ಮದರಲ್ಲಿ ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒದ್ದೆ, ಬೋಲ್ಟ್ ತುಕ್ಕು, ವೈರಿನ ರಿಂಗ್ ಹಸಿರು ಕಿಲುಬು. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ ಎರಡನ್ನೂ ಕಂಡ ಗಾಡಿ ಅದು. ಬಿಚ್ಚಿ, ಬಾಡಿಯ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆವು. ಅರ್ಥ್ ಕಡೆಯ ನಷ್ಟ 0.7ರಿಂದ 0.1ಕ್ಕೆ ಇಳಿಯಿತು.

ಇನ್ನು ಆಮೇಲೆ ಹಾಕಿಸಿದ ಸಾಮಾನುಗಳು. ಗಾಡಿಯನ್ನು ಮೊಬೈಲಿನಿಂದ ನಿಲ್ಲಿಸುವ ಜಿಪಿಎಸ್ ಟ್ರ್ಯಾಕರ್, ಕಳ್ಳತನ ತಡೆಯುವ ಅಲಾರಂ, ಗ್ಯಾಸ್ ಕಿಟ್. ಇವುಗಳಲ್ಲಿ ಹಲವನ್ನು ಜೋಡಿಸುವಾಗ ಪಂಪಿನ ವೈರನ್ನೇ ಕತ್ತರಿಸಿ ಮಧ್ಯದಲ್ಲಿ ಒಂದು ರಿಲೇ ಸೇರಿಸುತ್ತಾರೆ, ಎಷ್ಟೋ ಸಲ ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿರುತ್ತಾರೆ. ಬೇಸಿಗೆಯ ಧಗೆಗೆ ಟೇಪಿನ ಅಂಟು ಬಿಡುತ್ತದೆ, ತಿರುಚಿದ ಜಾಗ ಸಡಿಲವಾಗುತ್ತದೆ. ನಿಮ್ಮ ಗಾಡಿಯಲ್ಲಿ ಇಂಥದ್ದು ಇದ್ದರೆ, ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೂ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿ ಕಂಪನಿಯದಲ್ಲದ ಟೇಪ್ ಸುತ್ತಿದ ಜಾಗ ಹುಡುಕಿ. ನಾನಾದರೆ ಮೊದಲು ನೋಡುವುದು ಅಲ್ಲೇ.

ಇಲಿಗಳನ್ನೂ ಮರೆಯಬೇಡಿ. ಸೀಟಿನ ಕೆಳಗೆ ಬೆಚ್ಚಗಿರುತ್ತದೆ, ಮಳೆಗಾಲದಲ್ಲಿ ಅಲ್ಲೇ ಗೂಡು ಮಾಡುತ್ತವೆ. ಅಡಿಕೆ ಸಿಪ್ಪೆ, ಹಿಕ್ಕೆ, ಸ್ಪಂಜಿನ ಚೂರು ಕಂಡರೆ ಆ ಕಡೆಯ ವೈರನ್ನು ಪೂರ್ತಿ ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿ.

ಬಿಟ್ಟು ಬಿಟ್ಟು ಬರುವ ತೊಂದರೆಯಾದರೆ ಪಂಪ್ ಓಡಿಸಿಟ್ಟು ಮೀಟರ್ ನೋಡುತ್ತಾ ವೈರನ್ನು ಗೇಣು ಗೇಣಾಗಿ ಅಲುಗಾಡಿಸಿ. ಎಲ್ಲಿ ಅಂಕಿ ಕುಣಿಯುತ್ತದೋ ಅಲ್ಲೇ ತಪ್ಪು.

ರಿಪೇರಿ

ಸುಟ್ಟ ಪಿನ್ನನ್ನು ಉಜ್ಜಿ, ಕಟ್ಟಿಂಗ್ ಪ್ಲೇಯರಿನಲ್ಲಿ ಒತ್ತಿ ಬಿಗಿ ಮಾಡಿ ಮತ್ತೆ ಹಾಕುವುದು ಬಹಳ ಕಡೆ ನಡೆಯುತ್ತದೆ. ಕೆಲವು ದಿನ ಓಡಬಹುದು. ಒಮ್ಮೆ ಕಾದ ಪಿನ್ನಿಗೆ ಮತ್ತೆ ಆ ಸ್ಪ್ರಿಂಗ್ ಹಿಡಿತ ಬರುವುದಿಲ್ಲ, ನನಗೆ ಇದು ಒಪ್ಪಿಗೆ ಇಲ್ಲ. ಎರಡೂ ಕಡೆಯ ಪಿನ್ ಹೊಸದಾಗಬೇಕು. ನಾವು ಕಪ್ಲರಿನ ಜೋಡಿಯನ್ನೇ ವೈರ್ ಸಮೇತ ತಂದು, ಸುಟ್ಟ ಭಾಗದಿಂದ ಒಂದು ಗೇಣು ಹಿಂದೆ, ತಾಮ್ರ ಹೊಳೆಯುವ ಜಾಗದಲ್ಲಿ ಕತ್ತರಿಸಿ ಜೋಡಿಸಿದೆವು. ಕಾದ ವೈರಿನ ತಾಮ್ರ ಒಳಗೆ ಕಪ್ಪಾಗಿರುತ್ತದೆ, ಅದರ ಮೇಲೆ ಬೆಸುಗೆಯೂ ಸರಿಯಾಗಿ ಕೂರುವುದಿಲ್ಲ. ವೈರ್ ದಪ್ಪ ಮೊದಲಿದ್ದಷ್ಟೇ ಇರಲಿ, ತೆಳು ವೈರ್ ಬೇಡ. ಜೋಡಿಸಿದ ಜಾಗಕ್ಕೆ ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿ. ಬೆಸುಗೆ, ಬಿಸಿ ಗಾಳಿ, ಲೈಟರ್ ಯಾವುದನ್ನೂ ತೆರೆದ ಟ್ಯಾಂಕ್ ಹತ್ತಿರ ತರಬೇಡಿ. ಟ್ಯಾಂಕ್ ಮುಚ್ಚಳ ಬಿಗಿಯಾಗಿದ್ದರೂ ನಾವು ಅಲ್ಲಿ ಬೆಂಕಿ ಬಳಸಲಿಲ್ಲ, ಕ್ರಿಂಪ್ ಮಾಡಿದೆವು, ಅಂದರೆ ಲೋಹದ ಕೊಳವೆಯಲ್ಲಿ ವೈರ್ ಇಟ್ಟು ಒತ್ತಿ ಬಿಗಿ ಮಾಡಿದೆವು.

ಟ್ಯಾಂಕ್ ಒಳಗಿನ ವೈರಿನಲ್ಲಿ ತಪ್ಪು ಇದ್ದರೆ ಮನೆಯಲ್ಲಿ ರಿಪೇರಿ ಮಾಡಬೇಡಿ. ಸಾಮಾನ್ಯ ವೈರಿನ ಪ್ಲಾಸ್ಟಿಕ್ ಪೆಟ್ರೋಲಿನಲ್ಲಿ ಗಟ್ಟಿಯಾಗಿ ಬಿರಿಯುತ್ತದೆ, ಟೇಪಿನ ಅಂಟು ಕರಗುತ್ತದೆ. ಅಲ್ಲಿಗೆ ಅದಕ್ಕೆಂದೇ ಮಾಡಿದ ವೈರೇ ಬೇಕು, ಇಲ್ಲವಾದರೆ ಟ್ಯಾಂಕ್ ಒಳಗಿನ ಪಂಪ್ ಮಾಡ್ಯೂಲನ್ನೇ ಬದಲಿಸಬೇಕು.

ಪಂಪೇ ಹಾಳಾಗಿದ್ದರೆ ಹೇಗೆ ಗೊತ್ತಾಗುತ್ತದೆ? ಕಪ್ಲರ್ ಕೂರಿಸಿದಾಗ ಪಂಪಿಗೆ ಸರಿಯಾದ ವೋಲ್ಟ್ ತಲುಪಿಯೂ ಆಂಪಿಯರ್ ಸೊನ್ನೆ ಇದ್ದರೆ ಒಳಗಿನ ಬ್ರಷ್ ಹೋಗಿದೆ. ಟ್ಯಾಂಕ್ ತಳಕ್ಕೆ ಕೈಯಲ್ಲಿ ಗುದ್ದಿದರೆ ಓಡಲು ಶುರುವಾದರೂ ಅದೇ ಅರ್ಥ. ಆಂಪಿಯರ್ ಹತ್ತರ ಹತ್ತಿರ ಹೋದರೆ ಪಂಪ್ ಜಾಮ್ ಆಗುತ್ತಿದೆ, ಇಲ್ಲ ಮುಂದಿನ ಫಿಲ್ಟರ್ ಕಟ್ಟಿದೆ. ವೋಲ್ಟ್, ಆಂಪಿಯರ್ ಎರಡೂ ಸರಿ ಇದ್ದು ಒತ್ತಡ ಮಾತ್ರ ಇಲ್ಲದಿದ್ದರೆ ಪಂಪ್ ಸವೆದಿರಬಹುದು ಅಥವಾ ಪ್ರೆಶರ್ ರೆಗ್ಯುಲೇಟರ್ ನೋಡಬೇಕು. ಆಂಪಿಯರ್ ಅಳೆಯಲು ಕ್ಲ್ಯಾಂಪ್ ಮೀಟರ್ ಬಳಸುವವರು ಅದು ಡಿಸಿ ಅಳೆಯುತ್ತದಾ ನೋಡಿಕೊಳ್ಳಿ, ಮನೆ ಕರೆಂಟಿಗೆ ಮಾಡಿದ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸುತ್ತದೆ.

ರಿಪೇರಿ ಆದಮೇಲೆ ಮತ್ತೆ ಅಳೆದೆವು. ಎಂಜಿನ್ ನಿಂತಿದ್ದಾಗ ಬ್ಯಾಟರಿ 12.3, ಪಂಪಿನಲ್ಲಿ 11.9. ಎಂಜಿನ್ ಓಡುವಾಗ ಬ್ಯಾಟರಿ 14.1, ಪಂಪಿನಲ್ಲಿ 13.7. ಅಷ್ಟಕ್ಕೇ ಧೈರ್ಯ ಬರಲಿಲ್ಲ. ಎರಡು ಉದ್ದದ ವೈರನ್ನು ಸಣ್ಣ ಫ್ಯೂಸ್ ಹಾಕಿ ಕಪ್ಲರ್ ಹಿಂಭಾಗದಿಂದ ಮುಂದಿನ ಸೀಟಿಗೆ ತಂದು ಮೀಟರಿಗೆ ಸೇರಿಸಿ, ಮುಂದಿನ ಭಾನುವಾರ ಮತ್ತೆ ಗೇರುಸೊಪ್ಪೆಗೆ ಇಳಿದು ಹತ್ತಿದೆವು. ಪಕ್ಕದಲ್ಲಿ ಕೂತ ಮಗಳು ಪ್ರತಿ ತಿರುವಿಗೂ ಅಂಕಿ ಓದುತ್ತಿದ್ದಳು. ಹೆಡ್‌ಲೈಟ್, ವೈಪರ್, ಎಸಿ ಎಲ್ಲ ಆನ್ ಇದ್ದರೂ 13.4ಕ್ಕಿಂತ ಕೆಳಗೆ ಒಮ್ಮೆಯೂ ಬರಲಿಲ್ಲ.

ಮನೆಗೆ ಬಂದು ಆ ವೈರ್ ತೆಗೆದು, ಟ್ಯಾಂಕ್ ಮೇಲಿನ ತಗಡಿನ ಮುಚ್ಚಳವನ್ನು ರಬ್ಬರ್ ಸಮೇತ ಕೂರಿಸಿ, ಸೀಟಿನ ಬೋಲ್ಟ್ ಬಿಗಿ ಮಾಡಿದೆ. ನೀವೂ ಇದನ್ನು ಮಾಡಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಮ್ಮೆ ಮೂಸಿ ನೋಡಿ. ಒಳಗೆ ಪೆಟ್ರೋಲ್ ವಾಸನೆ ಇದ್ದರೆ ಕೀ ಆನ್ ಮಾಡಬೇಡಿ, ಸೀಟ್ ಎತ್ತಿ ಮೊದಲು ಟ್ಯಾಂಕಿನ ಸೀಲ್ ಮತ್ತು ಪೈಪ್ ನೋಡಿ.